ತತ್ವಶಾಸ್ತ್ರದ ಎಂಎ ಮತ್ತು ಒಂದು ಮನೆಯ ಲೆಕ್ಕ

"ಸರ್, ಫಿಲಾಸಫಿ ತಗೊಂಡ್ರೆ ಮುಂದೆ ಕೆಲಸ ಸಿಗುತ್ತಾ?" ಬಿಎ ಕೊನೆಯ ವರ್ಷದ ಮಕ್ಕಳಲ್ಲಿ ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಈ ಪ್ರಶ್ನೆ ಹಿಡಿದು ಬರುತ್ತಾರೆ. ನಾನು ಶಿವಮೊಗ್ಗದ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಪದವಿ ಆದ ಮೇಲೆ ಏನು ಓದಬೇಕು ಅಂತ ಕೇಳುವವರ ಜೊತೆ ಕೂತು ಮಾತಾಡುವುದೂ ನನ್ನ ಕೆಲಸ. ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಮಕ್ಕಳಿಗೆ ಅನ್ಯಾಯ ಮಾಡಿದ ಹಾಗೆ. ಅದಕ್ಕೇ ನಾನು 2017ರಿಂದ ಹತ್ತಿರದಿಂದ ನೋಡಿದ ಒಂದು ಮನೆಯ ವಿಷಯವನ್ನು, ದುಡ್ಡಿನ ಲೆಕ್ಕದ ಸಮೇತ, ಇಲ್ಲಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅಂಕಿಗಳು ಅವರ ಪುಸ್ತಕದ್ದೇ, ಹತ್ತಿರದ ಸಾವಿರಕ್ಕೆ ಸರಿಮಾಡಿದ್ದು.

ಹಿನ್ನೆಲೆ

ಹುಡುಗಿಯನ್ನು ಸುಧಾ ಅಂತ ಕರೆಯೋಣ. ಘಟ್ಟದ ಅಂಚಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಊಟಕ್ಕಾಗುವಷ್ಟು ಗದ್ದೆ. ಮಳೆಗಾಲ ಬಂದರೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. ಈಚಿನ ವರ್ಷಗಳಲ್ಲಿ ಅದರ ಮೇಲೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಅಪ್ಪ ಪಿಯುಸಿ ತನಕ ಓದಿದವರು. ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ, ಅಂದರೆ ಕೂತಲ್ಲೇ ಪಾತ್ರದ ಪರವಾಗಿ ಮಾತಾಡಿ ವಾದ ಮಾಡುವವರು. ಚಿಕ್ಕಂದಿನಿಂದ ಇವಳು ಅವರ ಜೊತೆ ದೇವಸ್ಥಾನದ ಅಂಗಳಗಳಲ್ಲಿ ರಾತ್ರಿಯಿಡೀ ಕೂತು, ವಾಲಿಯನ್ನು ಮರೆಯಲ್ಲಿ ನಿಂತು ಕೊಂದದ್ದು ಧರ್ಮವೋ ಅಧರ್ಮವೋ ಅನ್ನುವ ವಾದ ಕೇಳುತ್ತಾ ಬೆಳೆದವಳು. ವಾದ ಮಾಡುವುದು ಒಂದು ವಿದ್ಯೆ, ಅದನ್ನು ಕಲಿಯಬಹುದು ಅನ್ನುವ ಅಂದಾಜು ಅವಳಿಗೆ ಅಲ್ಲೇ ಸಿಕ್ಕಿದ್ದು ಅಂತ ನನ್ನ ನಂಬಿಕೆ.

ಬಿಎಯಲ್ಲಿ ಅವಳದ್ದು ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಒಳ್ಳೆಯ ಅಂಕ ಬಂದಿತ್ತು. 2017ರಲ್ಲಿ ಎಂಎ ತತ್ವಶಾಸ್ತ್ರಕ್ಕೆ ಮೈಸೂರಿಗೆ ಹೊರಟಳು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 1918ರಲ್ಲಿ, ಎಸ್. ರಾಧಾಕೃಷ್ಣನ್ ಅಲ್ಲಿ ತತ್ವಶಾಸ್ತ್ರದ ಪಾಠಕ್ಕೆ ಬಂದವರು 1921ರ ತನಕ ಇದ್ದರು. ಅಷ್ಟು ಹಳೆಯ ಪರಂಪರೆ ಇರುವ ಜಾಗದಲ್ಲಿ ಓದುತ್ತೇನೆ ಅನ್ನುವ ಹೆಮ್ಮೆ ಅವಳಿಗೆ. ಅಪ್ಪನಿಗೂ ಇತ್ತು.

ಅದೇ ವರ್ಷ ದೊಡ್ಡಪ್ಪನ ಮಗ ಬಿಕಾಂ ಮುಗಿಸಿದ. ಅವನು ಮುಂದೆ ಓದಲಿಲ್ಲ. ಐಬಿಪಿಎಸ್ ಪರೀಕ್ಷೆ ಬರೆದು ಮರು ವರ್ಷ ಬ್ಯಾಂಕಿನಲ್ಲಿ ಕ್ಲರ್ಕ್ ಆದ. ಈ ಅಣ್ಣನನ್ನು ನೆನಪಿಟ್ಟುಕೊಳ್ಳಿ. ಮುಂದಿನ ಲೆಕ್ಕಕ್ಕೆಲ್ಲ ಅವನೇ ಅಳತೆಗೋಲು.

ಸಮಸ್ಯೆ

2019ರಲ್ಲಿ ಸುಧಾಳ ಎಂಎ ಮುಗಿಯಿತು. ಪ್ರಥಮ ದರ್ಜೆ. ಭಾರತೀಯ ತರ್ಕದ ಮೇಲೆ, ಅಂದರೆ ನ್ಯಾಯ ದರ್ಶನದ ಮೇಲೆ, ಒಂದು ಸಣ್ಣ ಪ್ರಬಂಧವನ್ನೂ ಬರೆದಿದ್ದಳು. ಊರಿಗೆ ಬಂದಳು. ಕೆಲಸ ಇರಲಿಲ್ಲ.

ಯಾಕೆ ಇರಲಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅತಿಥಿ ಉಪನ್ಯಾಸಕರಾಗಬೇಕಾದರೆ ಕಾಲೇಜಿನಲ್ಲಿ ಆ ವಿಷಯದ ಕಾರ್ಯಭಾರ ಇರಬೇಕು. ನಮ್ಮ ಸುತ್ತಿನ ಹೆಚ್ಚಿನ ಪದವಿ ಕಾಲೇಜುಗಳಲ್ಲಿ ತತ್ವಶಾಸ್ತ್ರ ಒಂದು ವಿಷಯವಾಗಿಯೇ ಇಲ್ಲ. ಪಿಯು ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಇದೆ. ಆದರೆ ಅದನ್ನು ಇಟ್ಟುಕೊಂಡಿರುವ ಕಾಲೇಜುಗಳು ಕಡಿಮೆ. ಹೈಸ್ಕೂಲಿನಲ್ಲಂತೂ ಈ ವಿಷಯವೇ ಇಲ್ಲ. ಬಿ.ಇಡಿ ಮಾಡಿದರೂ ಅವಳು ಬಿಎಯ ಇತಿಹಾಸ, ಕನ್ನಡದ ಬಲದಲ್ಲಿ ಟೀಚರ್ ಆಗಬೇಕೇ ಹೊರತು ಎಂಎ ಬಲದಲ್ಲಿ ಅಲ್ಲ. ಹಾಗಾಗಿ ಎಂಎ ಅವಳನ್ನು ಮೇಲಕ್ಕೆ ಹತ್ತಿಸಿತ್ತು, ಆದರೆ ಅಲ್ಲಿಂದ ಯಾವ ಬಾಗಿಲಿಗೂ ನೇರ ದಾರಿ ಇರಲಿಲ್ಲ.

ಉಳಿದದ್ದು ಯುಜಿಸಿ ನೆಟ್, ಅಂದರೆ ಕಾಲೇಜು ಅಧ್ಯಾಪಕರಾಗುವ ಅರ್ಹತೆಯ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್ (ಸಂಶೋಧನೆಯ ಫೆಲೋಶಿಪ್) ಸಿಕ್ಕರೆ ಸಂಶೋಧನೆ ಮಾಡುತ್ತಲೇ ತಿಂಗಳಿಗೆ 31,000 ಸಿಗುತ್ತಿತ್ತು (2023ರಿಂದ ಅದು 37,000 ಆಗಿದೆ). ಮೊದಲ ಸಲ ಸ್ವಲ್ಪದರಲ್ಲಿ ತಪ್ಪಿತು. ಆಮೇಲೆ ಕೋವಿಡ್. 2020ರ ಡಿಸೆಂಬರ್ ಸುತ್ತಿನ ಪರೀಕ್ಷೆ ಮುಂದೆ ಮುಂದೆ ಹೋಗಿ, 2021ರ ಜೂನ್ ಸುತ್ತಿನ ಜೊತೆ ಸೇರಿ, ಕೊನೆಗೆ ನಡೆದದ್ದು 2021ರ ನವೆಂಬರ್‌ನಿಂದ 2022ರ ಜನವರಿ ನಡುವೆ. ಫಲಿತಾಂಶ ಬಂತು. ಸಹಾಯಕ ಪ್ರಾಧ್ಯಾಪಕಿ ಆಗುವ ಅರ್ಹತೆ ಸಿಕ್ಕಿತು, ಜೆಆರ್‌ಎಫ್ ಸಿಗಲಿಲ್ಲ. ಅಂದರೆ ಹುದ್ದೆ ಇಲ್ಲದ ವಿಷಯದಲ್ಲಿ ಹುದ್ದೆಗೆ ಅರ್ಹತೆ.

ಮನೆಯಲ್ಲಿ ಮಾತು ಶುರುವಾಯಿತು. ಮದುವೆ ಪ್ರಸ್ತಾಪಗಳೂ ಬರತೊಡಗಿದವು. ಬೆಂಗಳೂರಿನಲ್ಲಿರುವ ನೆಂಟರೊಬ್ಬರು ವಾಟ್ಸ್‌ಆಪ್ ಗುಂಪಿಗೆ ಒಂದು ವಿಡಿಯೊ ಹಾಕಿದರು. ಆಗ ಅಮೆರಿಕದ ಸೆನೆಟರ್ ಆಗಿದ್ದ ಮಾರ್ಕೊ ರೂಬಿಯೊ 2015ರ ನವೆಂಬರ್‌ನಲ್ಲಿ ಚುನಾವಣಾ ಚರ್ಚೆಯೊಂದರಲ್ಲಿ ಆಡಿದ ಮಾತು ಅದು: ವೆಲ್ಡರ್‌ಗಳು ತತ್ವಜ್ಞಾನಿಗಳಿಗಿಂತ ಜಾಸ್ತಿ ಸಂಪಾದಿಸುತ್ತಾರೆ, ನಮಗೆ ಬೇಕಿರುವುದು ವೆಲ್ಡರ್‌ಗಳು. ಸುಧಾ ಬಿಡಲಿಲ್ಲ. ಅಲ್ಲಿನ ಸಂಬಳದ ಅಂಕಿ ಹಿಡಿದು ಪತ್ರಕರ್ತರು ಆ ಮಾತು ತಪ್ಪು ಎಂದು ತೋರಿಸಿದ್ದನ್ನು ಹಾಕಿದಳು. 2018ರಲ್ಲಿ ಅದೇ ರೂಬಿಯೊ ತಾನೇ ಸ್ಟೋಯಿಕ್ ತತ್ವಜ್ಞಾನಿಗಳನ್ನು ಓದಲು ಶುರುಮಾಡಿದ್ದೇನೆ ಎಂದು ಹೇಳಿಕೊಂಡದ್ದನ್ನೂ ಹಾಕಿದಳು. ಅಮೆರಿಕದಲ್ಲಿ ಜಿಆರ್‌ಇ (ಪದವಿ ಆದ ಮೇಲೆ ಮುಂದೆ ಓದಲು ಬರೆಯುವ ಪರೀಕ್ಷೆ) ಬರೆಯುವವರಲ್ಲಿ ತತ್ವಶಾಸ್ತ್ರದವರು ಭಾಷೆ ಮತ್ತು ಬರವಣಿಗೆಯ ಭಾಗಗಳಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆ, ಅಲ್ಲಿ ಅವರ ಶುರುವಿನ ಸಂಬಳ ಸಾಧಾರಣವಾಗಿದ್ದರೂ ವರ್ಷ ಕಳೆದಂತೆ ಚೆನ್ನಾಗಿ ಏರುತ್ತದೆ ಅಂತೆಲ್ಲ ಬರೆದಳು.

ಅವಳು ಬರೆದದ್ದೆಲ್ಲ ನಿಜ. ವಾದವನ್ನೂ ಗೆದ್ದಳು. ಆದರೆ ಅಪ್ಪ ಅದನ್ನೆಲ್ಲ ಓದಿ ಒಂದೇ ಪ್ರಶ್ನೆ ಕೇಳಿದರು: "ಅಲ್ಲ ಮಗಾ, ಅಲ್ಲಿ ತತ್ವಶಾಸ್ತ್ರ ಓದಿದವರು ಆಮೇಲೆ ಎಂತ ಕೆಲಸಕ್ಕೆ ಹೋಗ್ತಾರೆ?"

ಇಡೀ ಪ್ರಕರಣದ ತಿರುಳು ಈ ಪ್ರಶ್ನೆಯಲ್ಲಿದೆ. ಅಲ್ಲಿ ಅವರು ಲಾ ಓದುತ್ತಾರೆ, ಕಂಪನಿಗಳಿಗೆ ಹೋಗುತ್ತಾರೆ, ಸರ್ಕಾರಕ್ಕೆ ಹೋಗುತ್ತಾರೆ. ಯಾವ ವಿಷಯದ ಪದವಿ ಅಂತ ಕೇಳದೆ ತೆಗೆದುಕೊಳ್ಳುವ ಕೆಲಸಗಳು ಅಲ್ಲಿ ಜಾಸ್ತಿ. ನಮ್ಮಲ್ಲಿ ಹೆಚ್ಚಿನ ಕಡೆ ಅರ್ಜಿಯಲ್ಲೇ ವಿಷಯದ ಹೆಸರು ಅಚ್ಚಾಗಿರುತ್ತದೆ. ಇನ್ನೊಂದು ವಿಷಯವೂ ಇದೆ. ಓದು ಬರಹದಲ್ಲಿ ಮೊದಲೇ ಗಟ್ಟಿ ಇರುವ ಮಕ್ಕಳೇ ತತ್ವಶಾಸ್ತ್ರ ಆರಿಸಿಕೊಳ್ಳುತ್ತಾರೆ ಅನ್ನುವುದಾದರೆ, ಆ ಅಂಕಗಳಲ್ಲಿ ಪದವಿಯ ಪಾಲು ಎಷ್ಟು, ಮಕ್ಕಳ ಪಾಲು ಎಷ್ಟು? ಬರೀ ಪಟ್ಟಿ ನೋಡಿ ಇದನ್ನು ಹೇಳಲು ಬರುವುದಿಲ್ಲ. ಅರ್ಥಶಾಸ್ತ್ರದವನಾಗಿ ನಾನು ಮಕ್ಕಳಿಗೆ ಮತ್ತೆ ಮತ್ತೆ ಹೇಳುವ ಮಾತು ಇದು.

ಲೆಕ್ಕದ ಪುಸ್ತಕ

2022ರ ಬೇಸಿಗೆ ಶುರುವಿನಲ್ಲಿ ಅಪ್ಪ ಶಿವಮೊಗ್ಗದ ಮ್ಯಾಮ್‌ಕೋಸ್‌ಗೆ ಅಡಿಕೆ ಹಾಕಲು ಬಂದವರು ಮಗಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಬಟ್ಟೆ ಬೈಂಡಿನದ್ದು, ಅಂಚಿಗೆ ಅಡಿಕೆಯ ಚೊಗರಿನ ಕೆಂಪು ಕಲೆ. ಮುಕ್ಕಾಲು ಪುಸ್ತಕ ಕೊನೆಗಾರರ ಕೂಲಿ, ಸುಲಿದವರ ಕೂಲಿ, ಮೈಲುತುತ್ತ, ಸುಣ್ಣ. ನಡುವೆ ನಾಲ್ಕು ಪುಟಕ್ಕೆ "ಮೈಸೂರು" ಅಂತ ತಲೆಬರಹ. ಹಾಸ್ಟೆಲ್ಲು, ಮೆಸ್ಸು, ಬಸ್ಸು, ಪುಸ್ತಕ, ಒಂದು ಸಲ ಕಣ್ಣಿನ ಡಾಕ್ಟರು, ಕನ್ನಡಕ. ಎರಡು ವರ್ಷದ ಮೊತ್ತ 1 ಲಕ್ಷ 30 ಸಾವಿರ. ಅದರಲ್ಲಿ ವಿಶ್ವವಿದ್ಯಾಲಯಕ್ಕೆ ಕಟ್ಟಿದ ಶುಲ್ಕ ಕಾಲು ಭಾಗವೂ ಇರಲಿಲ್ಲ.

"ಇಷ್ಟು ಖರ್ಚಾಯ್ತು ಮೇಷ್ಟ್ರೇ. ಇದು ವಾಪಸ್ ಬರ್ತದಾ ಹೇಳಿ" ಅಂದರು.

ನಾನು ಪೆನ್ಸಿಲ್ ತೆಗೆದುಕೊಂಡು ಪಕ್ಕದ ಖಾಲಿ ಪುಟದಲ್ಲಿ ಬರೆದೆ. ಮೈಸೂರಿಗೆ ಹೋಗದೆ ಶಿವಮೊಗ್ಗದಲ್ಲೇ ಯಾವುದಾದರೂ ಖಾಸಗಿ ಆಫೀಸಿಗೋ ಶಾಲೆಗೋ ಸೇರಿದ್ದರೆ ತಿಂಗಳಿಗೆ 10,000 ಬರುತ್ತಿತ್ತು ಅಂತ ಹಿಡಿಯಿರಿ. ಎರಡು ವರ್ಷಕ್ಕೆ 2 ಲಕ್ಷ 40 ಸಾವಿರ. ಅದೂ ಖರ್ಚೇ. ಎಂಎಯ ನಿಜವಾದ ಬೆಲೆ 3 ಲಕ್ಷ 70 ಸಾವಿರ.

ಆಮೇಲೆ ಮುಂದಿನ ಸಾಲು. 2019ರ ಮಧ್ಯದಿಂದ 2022ರ ಮಧ್ಯದ ತನಕ ಅಂತ ಹಿಡಿದರೆ ಕಾದದ್ದು ಮೂರು ವರ್ಷ. ಆಗ 12,000 ಬರುವ ಕೆಲಸ ಸಿಗುತ್ತಿತ್ತು ಅಂದರೆ 4 ಲಕ್ಷ 32 ಸಾವಿರ. ಮನೆಪಾಠ, ಆನ್‌ಲೈನ್ ಕ್ಲಾಸು ಅಂತ ಅವಳು ದುಡಿದದ್ದು 55 ಸಾವಿರ, ಅದನ್ನು ಕಳೆಯಿರಿ. ಅರ್ಜಿ, ಪರೀಕ್ಷೆ, ಕೋಚಿಂಗ್ ಅಂತ ಹೋದದ್ದು 35 ಸಾವಿರ, ಅದನ್ನು ಕೂಡಿಸಿ. 4 ಲಕ್ಷ 12 ಸಾವಿರ. ಕೋವಿಡ್‌ನಲ್ಲಿ ಆ ಕೆಲಸವೂ ಹೋಗಿಬಿಡಬಹುದಿತ್ತು, ನಿಜ. ಅದಕ್ಕೆ ಸ್ವಲ್ಪ ಕಡಿಮೆ ಮಾಡಿಕೊಂಡೇ ನೋಡಿ. ಆದರೂ ಓದಿದ ಎರಡು ವರ್ಷ ಮತ್ತು ಕಾದ ಮೂರು ವರ್ಷ ತಕ್ಕಡಿಯಲ್ಲಿ ಸರಿಸಮ ನಿಲ್ಲುತ್ತವೆ.

ಅಪ್ಪ ಪುಟ ತಿರುವಿ ತಿರುವಿ ನೋಡಿದರು. ಓದಿದ ವರ್ಷಗಳ ಒಂದೊಂದು ರೂಪಾಯಿಯೂ ಪುಸ್ತಕದಲ್ಲಿತ್ತು. ಕಾದ ವರ್ಷಗಳದ್ದು ಎಲ್ಲೂ ಇರಲಿಲ್ಲ. ಮನೆಯಲ್ಲಿ ಊಟ, ಮನೆಯಲ್ಲಿ ವಾಸ. ಕೈಯಿಂದ ಯಾರೂ ಎಣಿಸಿ ಕೊಟ್ಟಿಲ್ಲದ್ದರಿಂದ ಅದು ಖರ್ಚು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಈ ಮನೆಯವರು ಶಿಕ್ಷಣ ಸಾಲ ತೆಗೆದಿರಲಿಲ್ಲ. ಅದೊಂದು ಪುಣ್ಯ. ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ. ಅಂದರೆ 2020ರಲ್ಲಿ, ನೆಟ್ ಪರೀಕ್ಷೆ ಮುಂದೆ ಹೋದ ವರ್ಷದಲ್ಲಿ, ಬ್ಯಾಂಕಿನವರು ಕಂತು ಕೇಳುತ್ತಿದ್ದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪನೇ ಅಂದರು: "ಅಡಿಕೆ ಸಸಿ ನೆಟ್ಟರೂ ಆರೇಳು ವರ್ಷ ಕಾಯ್ತೀವಿ. ಕಾಯೋದು ತಪ್ಪಲ್ಲ. ಆದ್ರೆ ಸುಮ್ನೆ ಕಾಯಲ್ಲ. ನಡುವೆ ಬಾಳೆ ಹಾಕ್ತೀವಿ. ನೀನು ಬಾಳೆ ಎಲ್ಲಿ ಹಾಕಿದ್ದೀಯ ಮಗಾ?"

ನಾನು ಇಷ್ಟು ವರ್ಷ ಕ್ಲಾಸಿನಲ್ಲಿ ಹೇಳಿದ ಅರ್ಥಶಾಸ್ತ್ರವನ್ನು ಅವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದರು.

ಏನೇನು ಯೋಚಿಸಿದೆವು

ಅವತ್ತು ಸಂಜೆ ನಾಲ್ಕು ದಾರಿಗಳನ್ನು ಮುಂದಿಟ್ಟುಕೊಂಡೆವು.

ಪಿಎಚ್‌ಡಿ ಮೊದಲನೆಯದು. ಫೆಲೋಶಿಪ್ ಇಲ್ಲದೆ ಮಾಡಿದರೆ ಇನ್ನೂ ನಾಲ್ಕೈದು ವರ್ಷ ಮನೆಯ ಮೇಲೆ ಭಾರ. ಮುಗಿದ ಮೇಲೂ ಹುದ್ದೆ ಎಲ್ಲಿದೆ ಅನ್ನುವ ಪ್ರಶ್ನೆ ಹಾಗೇ ಇರುತ್ತದೆ. ಇದನ್ನು ಬೇಡ ಅಂದದ್ದು ಸುಧಾಳೇ. ಆಸೆ ಇತ್ತು, ಬೇಸರದಿಂದಲೇ ಬಿಟ್ಟಳು.

ಯುಪಿಎಸ್‌ಸಿ. ಮುಖ್ಯ ಪರೀಕ್ಷೆಯಲ್ಲಿ ತತ್ವಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು. 250 ಅಂಕದ ಎರಡು ಪತ್ರಿಕೆ, ಬರವಣಿಗೆಯ ಒಟ್ಟು 1750 ಅಂಕದಲ್ಲಿ 500. ಆದರೆ ಆ ವಿಷಯ ಆರಿಸಿಕೊಳ್ಳಲು ತತ್ವಶಾಸ್ತ್ರದ ಪದವಿಯೇ ಬೇಕು ಅಂತೇನಿಲ್ಲ. ಎಂಜಿನಿಯರಿಂಗ್ ಓದಿದವರೂ ಅದನ್ನೇ ತೆಗೆದುಕೊಳ್ಳುತ್ತಾರೆ. ಅವಳಿಗೆ ಅದರಿಂದ ಸಣ್ಣ ಅನುಕೂಲ ಇತ್ತು, ಅಷ್ಟೆ. ಬರೀ ಅದನ್ನೇ ನಂಬಿ ಇನ್ನೂ ಮೂರು ವರ್ಷ ಕೂರುವುದು ಬೇಡ ಅಂತ ನಾನೂ ಹೇಳಿದೆ.

ಬಿ.ಇಡಿ. ಮನೆಯವರಿಗೆ ಇದೇ ಇಷ್ಟ. ನನಗೂ ಇದು ಕೆಟ್ಟ ದಾರಿ ಅನ್ನಿಸಲಿಲ್ಲ. ಸುಧಾ ಒಪ್ಪಲಿಲ್ಲ.

ನಾಲ್ಕನೆಯದು ಮೂರು ವರ್ಷದ ಎಲ್‌ಎಲ್‌ಬಿ. ಯಾವ ಪದವಿ ಇದ್ದರೂ ಸೇರಬಹುದು, ಶಿವಮೊಗ್ಗದಲ್ಲೇ ಓದಬಹುದು. ಆದರೆ ಇನ್ನೂ ಮೂರು ವರ್ಷಕ್ಕೆ ದುಡ್ಡು?

ಇಲ್ಲೇ ಪ್ರಕರಣ ತಿರುಗಿದ್ದು. "ಈಗ ನೀನು ದಿನಾ ಏನು ಮಾಡ್ತಿದ್ದೀಯ?" ಅಂತ ಕೇಳಿದೆ. ಮೈಸೂರಿನ ಹಾಸ್ಟೆಲ್ ಗೆಳತಿಯೊಬ್ಬಳು ಕೆಎಎಸ್ ಮುಖ್ಯ ಪರೀಕ್ಷೆಗೆ ಓದುತ್ತಿದ್ದಾಳೆ, ಅವಳ ಎಥಿಕ್ಸ್ (ನೀತಿಶಾಸ್ತ್ರ) ಉತ್ತರಗಳನ್ನು ಓದಿ ತಿದ್ದಿ ಕಳಿಸುತ್ತೇನೆ, ಈಗ ಅವಳ ಮೂಲಕ ಇನ್ನೂ ಐದಾರು ಜನ ಕಳಿಸುತ್ತಿದ್ದಾರೆ ಅಂದಳು.

"ದುಡ್ಡು ತಗೊಳ್ತೀಯಾ?" ಅಪ್ಪ ಕೇಳಿದರು.

"ಇಲ್ಲ ಅಪ್ಪಯ್ಯ, ಎಲ್ಲ ಫ್ರೆಂಡ್ಸ್. ಸುಮ್ನೆ."

ಫೋನಿನಲ್ಲಿದ್ದ ಒಂದು ಉತ್ತರ ತೋರಿಸಿದಳು. ಪ್ರಶ್ನೆ ಹೀಗಿತ್ತು: ನೆರೆ ಪರಿಹಾರ ಹಂಚುವ ಅಧಿಕಾರಿ ನೀವು. ನಿಜಕ್ಕೂ ಮನೆ ಕಳೆದುಕೊಂಡ ಒಬ್ಬ ಮುದುಕಿಯ ಹತ್ತಿರ ದಾಖಲೆ ಇಲ್ಲ, ಏನು ಮಾಡುತ್ತೀರಿ? ಗೆಳತಿ ಎರಡು ಪುಟ ಬರೆದಿದ್ದಳು. ಕೆಳಗೆ ಸುಧಾಳ ಟಿಪ್ಪಣಿ: "ನೀನು ಎರಡು ಕಾರಣ ಕೊಟ್ಟಿದ್ದೀಯ. ಒಂದು, ಹಾಗೆ ಮಾಡಿದರೆ ಅವಳಿಗೆ ಒಳ್ಳೆಯದಾಗುತ್ತದೆ. ಇನ್ನೊಂದು, ನಿಯಮ ಎಲ್ಲರಿಗೂ ಒಂದೇ ಇರಬೇಕು. ಇವೆರಡೂ ಇಲ್ಲಿ ಒಂದಕ್ಕೊಂದು ಎದುರಾಗಿವೆ. ನೀನು ಯಾವುದನ್ನು ಮೇಲೆ ಇಡುತ್ತೀಯ, ಯಾಕೆ ಅಂತ ಹೇಳದೆ ಉತ್ತರ ಮುಗಿಸಿದ್ದೀಯ. ಪರೀಕ್ಷಕರು ಹುಡುಕುವುದು ಅದನ್ನೇ."

ಯುಪಿಎಸ್‌ಸಿಯಲ್ಲಿ ಎಥಿಕ್ಸ್ ಪತ್ರಿಕೆ ಬಂದದ್ದು 2013ರಲ್ಲಿ, 250 ಅಂಕಕ್ಕೆ. ಕೆಎಎಸ್‌ನಲ್ಲೂ ಅಂಥದೇ ಪತ್ರಿಕೆ ಇದೆ. ಕನ್ನಡದಲ್ಲಿ ಬರೆಯುವ ಮಕ್ಕಳು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಪರಿಣಾಮವಾದ (ಫಲ ನೋಡಿ ಸರಿ ತಪ್ಪು ಹೇಳುವುದು), ಕರ್ತವ್ಯವಾದ (ನಿಯಮ ನೋಡಿ ಹೇಳುವುದು) ಇವನ್ನೆಲ್ಲ ಗುರುತಿಸಿ, ಕನ್ನಡದಲ್ಲೇ ಬಿಡಿಸಿ ತಿದ್ದಿಕೊಡುವವರು ಮಾತ್ರ ಸಿಗುವುದಿಲ್ಲ. ಅವಳ ಎಂಎಗೆ ಮಾರುಕಟ್ಟೆ ಇತ್ತು. ಅಧ್ಯಾಪಕರ ಹುದ್ದೆಯ ಹೆಸರಿನಲ್ಲಿ ಹುಡುಕುತ್ತಿದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ.

ಏನಾಯಿತು

ಮೊದಲು ಬದಲಾದದ್ದು ಅವಳ ಬಯೊಡೇಟಾ. ಹಳೆಯದರಲ್ಲಿ ಎಂಎ, ನೆಟ್, ಪ್ರಬಂಧದ ಶೀರ್ಷಿಕೆ ಇತ್ತು. ಹೊಸದರಲ್ಲಿ ತಾನು ತಿದ್ದಿದ ಮೂರು ಉತ್ತರಗಳ ಪ್ರತಿ, ಮತ್ತು ಸುಪ್ರೀಂ ಕೋರ್ಟಿನ ಒಂದು ಉದ್ದನೆಯ ತೀರ್ಪನ್ನು ಎರಡು ಪುಟದ ಕನ್ನಡಕ್ಕೆ ಇಳಿಸಿದ ಮಾದರಿ. ಅದನ್ನು ಹಿಡಿದುಕೊಂಡು ಶಿವಮೊಗ್ಗದ ಒಂದು ಕೋಚಿಂಗ್ ಸೆಂಟರಿಗೆ ಹೋದಳು. ಬೆಳಗಿನ ಒಂದು ಬ್ಯಾಚು ಮತ್ತು ಉತ್ತರ ತಿದ್ದುವ ಕೆಲಸ ಸಿಕ್ಕಿತು. ಶುರುವಿಗೆ ತಿಂಗಳಿಗೆ 8,000. ವರ್ಷದೊಳಗೆ ಅದು 14,000ಕ್ಕೆ ಬಂತು. 2022ರ ಕೊನೆಗೆ ಎಲ್‌ಎಲ್‌ಬಿ ಸೇರಿದಳು. ಶುಲ್ಕವನ್ನು ತಾನೇ ಕಟ್ಟಿದಳು. ಅಪ್ಪನ ಪುಸ್ತಕದಲ್ಲಿ ಹೊಸ ಪುಟ ಬೇಕಾಗಲಿಲ್ಲ.

ಆ ಮೂರು ವರ್ಷ ಸುಲಭವೇನೂ ಆಗಿರಲಿಲ್ಲ. ಬೆಳಿಗ್ಗೆ ಬ್ಯಾಚು, ಆಮೇಲೆ ಕಾಲೇಜು, ರಾತ್ರಿ ಉತ್ತರಗಳು. ಒಂದು ಸೆಮಿಸ್ಟರಿನಲ್ಲಿ ಒಂದು ಪೇಪರು ಉಳಿಯಿತು. ಮರುಸಲ ಪಾಸಾದಳು.

ಕೊನೆಯ ವರ್ಷ ಒಬ್ಬ ವಕೀಲರ ಕಚೇರಿಗೆ ಹೋಗಿ ಕೂರತೊಡಗಿದಳು. ಮಲೆನಾಡಿನ ಕೋರ್ಟುಗಳಲ್ಲಿ ಜಮೀನಿನ ತಕರಾರೇ ಜಾಸ್ತಿ. ಬಗರ್ ಹುಕುಂ, ಅರಣ್ಯದ ಗಡಿ, ಪಹಣಿಯ ಹೆಸರು. ಒಂದು ಪ್ರಕರಣದಲ್ಲಿ ಎದುರು ಕಡೆಯವರ ವಾದ ಹೀಗಿತ್ತು: ಈ ಜಾಗ ಕಾಡಿನ ಅಂಚಿನಲ್ಲಿದೆ, ಇದರಲ್ಲಿ ಕಾಡು ಮರಗಳಿವೆ, ಆದ್ದರಿಂದ ಇದು ಅರಣ್ಯದ ಜಾಗ. ಸೀನಿಯರ್ ಈ ಕಡತವನ್ನು ಅವಳ ಮುಂದಿಟ್ಟು ಟಿಪ್ಪಣಿ ಮಾಡು ಅಂದರು.

ಅವಳು ಮಾಡಿದ್ದು ಎಂಎಯಲ್ಲಿ ಕಲಿತದ್ದನ್ನೇ. ನ್ಯಾಯ ದರ್ಶನದಲ್ಲಿ ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದಕ್ಕೆ, ಐದು ಅಂಗ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಇಲ್ಲಿಗೆ ಅನ್ವಯಿಸುವುದು), ನಿಗಮನ (ತೀರ್ಮಾನ). ಪಠ್ಯದ ಉದಾಹರಣೆ ಎಲ್ಲರಿಗೂ ಗೊತ್ತು: ಬೆಟ್ಟದಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಇದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಇದನ್ನು ತಿರುಗಿಸಿದರೆ ನಿಲ್ಲುವುದಿಲ್ಲ. ಬೆಂಕಿ ಇರುವ ಕಡೆಯೆಲ್ಲ ಹೊಗೆ ಇದೆ ಅನ್ನುವ ಹಾಗಿಲ್ಲ, ಯಾಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಸಾಧಿಸಬೇಕಾದದ್ದು ಇರುವ ಕಡೆಯೂ, ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಹೇತುವಿಗೆ ಸವ್ಯಭಿಚಾರ ಅಂತ ಹೆಸರು. ಹೇತ್ವಾಭಾಸಗಳಲ್ಲಿ, ಅಂದರೆ ಹೇತುವಿನ ಹಾಗೆ ಕಾಣುವ ತಪ್ಪು ಹೇತುಗಳಲ್ಲಿ, ಅದೂ ಒಂದು. ಕಾಡಿನ ಅಂಚು, ಕಾಡು ಮರ ಇವು ಅರಣ್ಯದ ಜಾಗದಲ್ಲೂ ಇರುತ್ತವೆ, ಹಿಡುವಳಿ ಜಮೀನಿನಲ್ಲೂ ಇರುತ್ತವೆ. ಮಲೆನಾಡಿನಲ್ಲಿ ಯಾರ ಬೇಲಿಯಲ್ಲಿ ಕಾಡು ಮರ ಇಲ್ಲ, ಅಲ್ವಾ? ಹಾಗಾಗಿ ಅವು ಯಾವುದನ್ನೂ ಸಾಧಿಸುವುದಿಲ್ಲ. ಅಕ್ಕಪಕ್ಕದ ಇಂಥದೇ ಹಿಡುವಳಿಗಳ ಪಹಣಿ ತೆಗೆಸಿ ಹಾಕಿದರೆ ಸಾಕು ಅಂತ ಅವಳು ಒಂದು ಪುಟ ಬರೆದಳು. ಸಂಸ್ಕೃತದ ಒಂದು ಪದವೂ ಆ ಪುಟದಲ್ಲಿ ಇರಲಿಲ್ಲ. ಸೀನಿಯರ್ ಅದನ್ನು ಹೆಚ್ಚು ಕಮ್ಮಿ ಹಾಗೇ ಬಳಸಿಕೊಂಡರು. ಕೇಸು ಇನ್ನೂ ನಡೆಯುತ್ತಿದೆ. ಆದರೆ ಅವತ್ತಿನಿಂದ ಕಡತಗಳು ಮೊದಲು ಅವಳ ಮೇಜಿಗೆ ಬರುತ್ತಿವೆ.

2025ರಲ್ಲಿ ಎಲ್‌ಎಲ್‌ಬಿ ಮುಗಿಯಿತು, ವಕೀಲಳಾಗಿ ನೋಂದಣಿಯಾದಳು. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿಗಿಂತ ಜಾಸ್ತಿ ಇರಬಾರದು ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದ್ದು ಇವಳಂಥವರಿಗೆ ದೊಡ್ಡ ಉಪಕಾರ. ಜೂನಿಯರ್‌ಗಳಿಗೆ ಹಳ್ಳಿ ಕಡೆ 15,000, ನಗರದಲ್ಲಿ 20,000 ಆದರೂ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು ಅದೇ ವರ್ಷ ಸಲಹೆ ಕೊಟ್ಟಿದೆ. ಸಲಹೆ ಮಾತ್ರ, ಕಡ್ಡಾಯ ಅಲ್ಲ. ಅವಳಿಗೆ ಈಗ ಸಿಗುವುದು 6,000. ವಕೀಲರಾದವರು ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರುವಂತಿಲ್ಲ. ಹಾಗಾಗಿ ಬ್ಯಾಚು ಬಿಟ್ಟು, ಒಂದು ಉತ್ತರಪತ್ರಿಕೆಗೆ ಇಷ್ಟು ಅಂತ ತಿದ್ದುವುದನ್ನು ಮಾತ್ರ ಉಳಿಸಿಕೊಂಡಳು. ಅದರಿಂದ 16,000ದ ಹತ್ತಿರ. ಹೈಕೋರ್ಟಿಗೆ ಹೋಗುವ ಕಡತಗಳ ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಕೊಡುವುದರಿಂದ ಇನ್ನೊಂದು 9,000. ಎಲ್ಲ ಸೇರಿ ತಿಂಗಳಿಗೆ 31,000.

ಬ್ಯಾಂಕಿನ ಅಣ್ಣನ ಸಂಬಳ ಇದಕ್ಕಿಂತ ಜಾಸ್ತಿ. ಏಳು ವರ್ಷದ ಸಂಬಳ ಕೈಗೆ ಬಂದಿದೆ, ಪಿಂಚಣಿ ಖಾತೆಯೂ ಬೆಳೆದಿದೆ. ದುಡ್ಡಿನ ಲೆಕ್ಕದಲ್ಲಿ ಸುಧಾ ಇವತ್ತಿಗೂ ಹಿಂದೆ ಇದ್ದಾಳೆ. ಇದನ್ನು ಮುಚ್ಚಿಟ್ಟು ಈ ಪ್ರಕರಣ ಬರೆಯುವುದು ಸರಿಯಲ್ಲ. ಆ ಅಂತರ ಮುಚ್ಚಬಹುದು, ಮುಚ್ಚದೆಯೂ ಇರಬಹುದು.

ಈಗ ಕೇಳಲು ಬಂದವರಿಗೆ ಏನು ಹೇಳುತ್ತೇನೆ

ಈ ಮನೆಯನ್ನು ನೋಡಿದ ಮೇಲೆ ತತ್ವಶಾಸ್ತ್ರ ಬೇಡ ಅಂತ ನಾನು ಯಾರಿಗೂ ಹೇಳಿಲ್ಲ. ಆ ಜಮೀನಿನ ಟಿಪ್ಪಣಿಯನ್ನು ಬರೀ ಎಲ್‌ಎಲ್‌ಬಿ ಮಾಡಿದ ಜೂನಿಯರ್ ಅಷ್ಟು ಬೇಗ ಬರೆಯುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಆ ಶಕ್ತಿಗೆ ದುಡ್ಡು ಹುಟ್ಟಿದ್ದು ಅದರ ಜೊತೆ ಇನ್ನೊಂದು ಸೇರಿದಾಗ. ಮೊದಲು ಎಥಿಕ್ಸ್ ಪತ್ರಿಕೆ, ಆಮೇಲೆ ಕಾನೂನು, ಅನುವಾದ. ಆ ಇನ್ನೊಂದು ಯಾವುದು ಅಂತ ಎಂಎ ಸೇರುವ ಮೊದಲೇ ಅಂದಾಜು ಇರಬೇಕು. ಸುಧಾಳಿಗೆ ಅದು ತಡವಾಗಿ ಸಿಕ್ಕಿತು. ತಡಕ್ಕೆ ತೆತ್ತದ್ದು 4 ಲಕ್ಷ 12 ಸಾವಿರ.

ದಿನಾಂಕದ ಮಾತನ್ನೂ ಕೇಳುತ್ತೇನೆ. ನೆಟ್ ಎಷ್ಟು ಸಲ ಬರೆಯುತ್ತೀಯ, ಯಾವ ತಿಂಗಳ ತನಕ ಕಾಯುತ್ತೀಯ, ಆಮೇಲೆ ಏನು? ಇದನ್ನು ಮನೆಯವರ ಎದುರು ಹೇಳಿ ಬರೆದಿಡು ಅನ್ನುತ್ತೇನೆ. ಮನೆಯಲ್ಲಿ ಇದ್ದುಕೊಂಡು ಓದುವ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಅವರು ದಿನಾಂಕ ಇಡದಿದ್ದರೆ ಮದುವೆಯ ಮಾತು ತಾನೇ ಒಂದು ದಿನಾಂಕ ಇಟ್ಟುಬಿಡುತ್ತದೆ.

ಕೈಯಲ್ಲಿ ಅನುಕೂಲ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ದೂರಶಿಕ್ಷಣದ ಇಗ್ನೊ ವಿಶ್ವವಿದ್ಯಾಲಯದಲ್ಲಿ ಯಾವ ಪದವಿ ಆದವರೂ ತತ್ವಶಾಸ್ತ್ರದ ಎಂಎ ಮಾಡಬಹುದು, ಎರಡರಿಂದ ನಾಲ್ಕು ವರ್ಷದಲ್ಲಿ, ಕೆಲಸ ಮಾಡುತ್ತಲೇ. ಬ್ಯಾಂಕ್, ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಇವುಗಳ ಪದವೀಧರ ಹುದ್ದೆಗಳಿಗೆ ಯಾವ ವಿಷಯ ಅಂತ ಹೆಚ್ಚಾಗಿ ಕೇಳುವುದಿಲ್ಲ. ಮೊದಲು ಅಲ್ಲಿ ಸೇರಿ ಆಮೇಲೆ ಇದನ್ನು ಓದಿದರೆ ಲೆಕ್ಕದ ಮೇಲಿನ ಎರಡು ಸಾಲು, ಬಿಟ್ಟ ಸಂಬಳ ಮತ್ತು ಕಾದ ವರ್ಷ, ಎರಡೂ ಅಳಿಸಿಹೋಗುತ್ತವೆ. ಗುರುಗಳ ಎದುರು ಕೂತು ವಾದ ಮಾಡಿ ಕಲಿಯುವ ಸುಖ ಅಲ್ಲಿ ಸಿಗುವುದಿಲ್ಲ. ಅದು ಸಣ್ಣ ನಷ್ಟ ಅಲ್ಲ, ಅದನ್ನೂ ಹೇಳುತ್ತೇನೆ.

ವಿಷಯವನ್ನೇ ನಂಬಿ ಅಧ್ಯಾಪಕರಾಗಲು ಹೊರಟವರಿಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024-25ಕ್ಕೆ ಮತ್ತೆ ಮೂರು ವರ್ಷವಾಯಿತು. ಪಠ್ಯಕ್ರಮ ಹೀಗೆ ಅಲುಗಾಡುವಾಗ ಮೊದಲು ಏಟು ತಿನ್ನುವುದು ಕಡಿಮೆ ಮಕ್ಕಳಿರುವ ವಿಷಯಗಳು. ಅಲ್ಲಮ, ಅಕ್ಕ ಹುಟ್ಟಿದ ಜಿಲ್ಲೆಯಲ್ಲಿ ಒಂದು ತತ್ವಶಾಸ್ತ್ರದ ಕ್ಲಾಸು ಹುಡುಕಬೇಕಾಗಿ ಬಂದಿರುವುದು ನನಗೆ ನೋವಿನ ವಿಷಯ. ಆದರೆ ನನ್ನ ನೋವಿನ ಖರ್ಚನ್ನು ಒಬ್ಬ ವಿದ್ಯಾರ್ಥಿಯ ತಲೆಯ ಮೇಲೆ ಹಾಕಲಾರೆ.

ಸುಧಾಳ ಮುಂದೆ ಈಗ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಇದೆ. ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ 2028ರ ತನಕ ಅರ್ಜಿ ಹಾಕುವಂತಿಲ್ಲ. ಆ ಹುದ್ದೆಯ ಶುರುವಿನ ಮೂಲ ವೇತನ 77,840. ಮತ್ತೆ ಮೂರು ವರ್ಷದ ಕಾಯುವಿಕೆ. ಈ ಸಲ ಅವಳೇ ಅಪ್ಪನ ಪುಸ್ತಕದಲ್ಲಿ ಒಂದು ಪುಟ ಕೇಳಿ ತೆಗೆದುಕೊಂಡಿದ್ದಾಳೆ. ಪ್ರತಿ ತಿಂಗಳ ಆದಾಯ ಅದರಲ್ಲಿ ಬರೆಯುತ್ತಾಳೆ. ಪರೀಕ್ಷೆಯನ್ನು ಎರಡು ಸಲ ಬರೆಯುವುದು, ಆಗದಿದ್ದರೆ ಜಮೀನಿನ ಕೇಸುಗಳಲ್ಲೇ ಮುಂದುವರಿಯುವುದು ಅಂತ ತಂದೆ ಮಗಳ ನಡುವೆ ಮಾತಾಗಿದೆ.